ರಕ್ತಪರೀಕ್ಷೆಯ ಚೀಟಿ
(ಕುರಕುಂಭದ ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ. ಗಿರಣಿಯ ಹಾಜರಿ ಪುಸ್ತಕ ಬರೆಯುವ ಗುಮಾಸ್ತರು. ಮೆಟ್ರಿಕ್ ಮುಗಿಸಿ, ಭೀಮೆಯ ದಂಡೆ ಹಿಡಿದು ಮೇಲಕ್ಕೆ ಹೊಟ್ಟೆಪಾಡಿಗೆ ಬಂದವರು. ಆದರೂ ರೋಗದ ವಿಷಯ ಮಾತಾಡಲು ನಿಂತದ್ದಕ್ಕೆ ಕಾರಣವಿದೆ. ನಮ್ಮಿಂದ ಒಂದು ತಪ್ಪು ನಡೆದಿದೆ. ಅದನ್ನು ಮೊದಲು ಹೇಳಿಬಿಡುತ್ತೇವೆ.

ನಮ್ಮ ಖೋಲಿಯಲ್ಲಿ ಅಫಜಲಪುರದ ಕಡೆಯ ಹಮಾಲನೊಬ್ಬ ಇದ್ದ. ಒಮ್ಮೆ ರಕ್ತದಾನದ ಶಿಬಿರದಲ್ಲಿ ರಕ್ತ ಕೊಟ್ಟು, ಬಿಸ್ಕತ್ತು ತಿಂದು, ಸಂತೋಷದಿಂದ ಬಂದ. ಕೆಲವು ದಿನಗಳ ಮೇಲೆ ರಕ್ತನಿಧಿಯಿಂದ ಒಂದು ಚೀಟಿ ಬಂತು; ಮರಾಠಿ ಇಂಗ್ಲಿಷು ಬೆರೆತದ್ದು. “ಅಣ್ಣಾವ್ರೆ, ಓದಿ ಹೇಳ್ರಿ” ಎಂದ. ನಾವು ಓದಿದೆವು. ‘ಹೆಪಟೈಟಿಸ್ ಸಿ’ ಎಂಬ ಎರಡು ಮಾತು ಕಂಡವು. ಅರ್ಥ ತಿಳಿಯದಿದ್ದರೂ ತಿಳಿದವರಂತೆ “ನಿನ್ನ ರಕ್ತ ಕೆಟ್ಟದಂತಪ್ಪ” ಎಂದುಬಿಟ್ಟೆವು. ಆ ರಾತ್ರಿಯಿಂದ ಅವನ ನೀರಿನ ತಂಬಿಗೆ ಬೇರೆಯಾಯಿತು, ಊಟದ ತಾಟು ಬೇರೆಯಾಯಿತು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಠೇಕೇದಾರನ ಕಿವಿಗೆ ಬಿದ್ದರೆ ಕೆಲಸ ಹೋದೀತೆಂದು ಹೆದರಿ ಅವನೂ ಚೀಟಿಯನ್ನು ಮಡಿಚಿ ಟ್ರಂಕಿನ ತಳದಲ್ಲಿಟ್ಟ. ವಾರದೊಳಗೆ ಊರಿಗೆ ಹೋದ.

ಅಲ್ಲಿ ಮನೆಯವರು ಕಾಮಾಲೆಯೆಂದು ತಿಳಿದು ಮುಂಗೈಗೆ ಬರೆ ಹಾಕಿಸಿದರು. ಅವನ ಕಣ್ಣು ಹಳದಿಯಾಗಿರಲೇ ಇಲ್ಲ! ಈ ರೋಗದ ಕಪಟವೇ ಅದು. ವೈರಸ್ಸು ರಕ್ತದಲ್ಲಿ ಸೇರಿ ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ಬೀಡು ಬಿಡುತ್ತದೆ. ಹತ್ತಿಪ್ಪತ್ತು ವರ್ಷ ಮನುಷ್ಯ ಮೂಟೆ ಹೊರುತ್ತಾನೆ, ಪಾಳಿ ಮಾಡುತ್ತಾನೆ, ಏನೂ ತೋರದು. ಕಾಲು ಬಾತು ಹೊಟ್ಟೆಯಲ್ಲಿ ನೀರು ತುಂಬುವ ಹೊತ್ತಿಗೆ ಲಿವರು ಗಟ್ಟಿಯಾಗಿ ಹೋಗಿರುತ್ತದೆ. ಕೆಲವರಿಗೆ ಕ್ಯಾನ್ಸರೂ ಆಗುತ್ತದೆ. ಆದುದರಿಂದ ಇದನ್ನು ಹಿಡಿಯಲು ರಕ್ತಪರೀಕ್ಷೆಯೊಂದೇ ದಾರಿ.

ವಿಜ್ಞಾನಿಗಳಿಗೂ ಇದು ಬಹುಕಾಲ ಸಿಕ್ಕಿರಲಿಲ್ಲ. ವೈರಸ್ಸಿನ ಗುರುತು ಹತ್ತಿದ್ದು ೧೯೮೯ರಲ್ಲಿ. ಆ ಕೆಲಸಕ್ಕಾಗಿ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಎಂಬ ಮೂವರಿಗೆ ೨೦೨೦ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಇದು ಹರಡುವುದು ರಕ್ತದಿಂದ ರಕ್ತಕ್ಕೆ. ಒಂದೇ ತಂಬಿಗೆಯ ನೀರಿನಿಂದಲ್ಲ, ಒಂದೇ ತಾಟಿನ ರೊಟ್ಟಿಯಿಂದಲ್ಲ, ಕೈ ಹಿಡಿದರೆ ಅಲ್ಲ, ಕೆಮ್ಮಿದರೆ ಅಲ್ಲ. ಕುದಿಸದ ಸೂಜಿ, ಒಬ್ಬರಿಗೆ ಚುಚ್ಚಿ ಇನ್ನೊಬ್ಬರಿಗೆ ಚುಚ್ಚಿದ ಸಿರಿಂಜು, ಜಾತ್ರೆಯಲ್ಲಿ ಸಾಲಾಗಿ ಕೂಡಿಸಿ ಒಂದೇ ಸೂಜಿಯಿಂದ ಹಾಕುವ ಹಚ್ಚೆ, ಬದಲಿಸದ ಕ್ಷೌರದ ಬ್ಲೇಡು, ಇವುಗಳಿಂದ ಬರುತ್ತದೆ. ೨೦೦೧ಕ್ಕೆ ಮುಂಚೆ ರಕ್ತ ಏರಿಸಿಕೊಂಡವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆಗ ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಿರಲಿಲ್ಲ. ನಮ್ಮ ಜನಕ್ಕೆ ಸೂಜಿಯ ಮೇಲೆ ಬಹಳ ಭಕ್ತಿ. ಮೈ ಬಿಸಿಯಾದರೆ ಸಾಕು, “ಡಾಕ್ಟರೆ, ಒಂದು ಸೂಜಿ ಹಾಕ್ರಿ” ಎನ್ನುತ್ತೇವೆ. ಗುಳಿಗೆ ಕೊಟ್ಟವನು ಡಾಕ್ಟರೇ ಅಲ್ಲವೆನ್ನುತ್ತೇವೆ. ೨೦೦೯ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಇದರ ಸೋದರ ರೋಗವಾದ ಹೆಪಟೈಟಿಸ್ ಬಿ ಹಬ್ಬಿ ಅನೇಕರು ಸತ್ತರು. ಸೂಜಿ ಹಾಕಿಸಿಕೊಳ್ಳಲೇಬೇಕಾದರೆ ಹೊಸ ಪಾಕೀಟನ್ನು ಕಣ್ಣೆದುರಿಗೆ ಒಡೆಯಲು ಹೇಳಿರಿ. ಇದರಲ್ಲಿ ಸಂಕೋಚವೇನೂ ಬೇಡ.

ಇನ್ನು ಔಷಧದ ಮಾತು. ಬಿ ರೋಗಕ್ಕೆ ಲಸಿಕೆಯುಂಟು, ಸಿಗೆ ಇಲ್ಲ. ಆದರೆ ಸಿಯನ್ನು ಪೂರ್ತಿ ಗುಣಪಡಿಸುವ ಗುಳಿಗೆಗಳಿವೆ. ಸೊಫೊಸ್‌ಬುವಿರ್ ಎಂಬ ಗುಳಿಗೆ ೨೦೧೩ರಲ್ಲಿ ಅಮೇರಿಕೆಯ ಪೇಟೆಗೆ ಬಂದಾಗ ಒಂದಕ್ಕೆ ೧,೦೦೦ ಡಾಲರು, ೮೪ ದಿನಕ್ಕೆ ೮೪,೦೦೦ ಡಾಲರು. ಮುಂದೆ ಭಾರತದ ಕಂಪನಿಗಳು ಅದನ್ನು ತಯಾರಿಸತೊಡಗಿ ಬೆಲೆ ನೆಲಕ್ಕಿಳಿಯಿತು. ೨೦೧೮ರ ಜುಲೈ ೨೮ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅದರಲ್ಲಿ ಪರೀಕ್ಷೆಯೂ ಔಷಧವೂ ಧರ್ಮಾರ್ಥ. ಹೆಚ್ಚಿನವರಿಗೆ ೧೨ ವಾರದ ಗುಳಿಗೆ ಸಾಕು. ನೂರರಲ್ಲಿ ತೊಂಬತ್ತೈದು ಜನ ಗುಣವಾಗುತ್ತಾರೆ.

ಹಾಗಿದ್ದೂ ನಮ್ಮಂಥವರು ಏಕೆ ಪರೀಕ್ಷೆಗೆ ಹೋಗುವುದಿಲ್ಲ? ಈ ಕುರಕುಂಭದ ಕಾರಖಾನೆಗಳಲ್ಲಿಯೇ ಔಷಧಗಳ ಮೂಲದ್ರವ್ಯ ತಯಾರಾಗುತ್ತದೆ. ಆ ಪೀಪಾಯಿಗಳನ್ನು ಹೊರುವ ಜನಕ್ಕೆ ಒಂದು ಹನಿ ರಕ್ತದ ಪರೀಕ್ಷೆ ದೂರವಾಗಿದೆ. ಪರೀಕ್ಷೆ ಧರ್ಮಾರ್ಥ ನಿಜ, ರಜೆ ಧರ್ಮಾರ್ಥವಲ್ಲ. ಮೊದಲನೆಯ ಪರೀಕ್ಷೆಗೆ ಒಂದು ದಿನ. ಅದರಲ್ಲಿ ಗುರುತು ಕಂಡರೆ ವೈರಸ್ಸು ಈಗಲೂ ಇದೆಯೇ ಎಂದು ನೋಡುವ ಎರಡನೆಯ ಪರೀಕ್ಷೆಗೆ ಇನ್ನೊಂದು ದಿನ, ವರದಿಗೆ ಮತ್ತೊಂದು. ದಿನಗೂಲಿಯವನಿಗೆ ಮೂರು ದಿನದ ಕೂಲಿ, ಮೇಲೆ ಬಸ್ಸಿನ ಚಾರ್ಜು. ನಡುವೆ ಬಿಟ್ಟುಬಿಡುವುದು ಸಹಜ. ಆದರೆ ಎರಡನೆಯದನ್ನು ಬಿಡಲೇಬಾರದು. ರೋಗ ತಗುಲಿದವರಲ್ಲಿ ಕೆಲವರ ಮೈ ತಾನಾಗಿಯೇ ವೈರಸ್ಸನ್ನು ಹೊರಹಾಕುತ್ತದೆ. ಆದರೂ ಮೊದಲನೆಯ ಪರೀಕ್ಷೆ ಗುರುತು ತೋರಿಸುತ್ತಲೇ ಇರುತ್ತದೆ. ಔಷಧದಿಂದ ಗುಣವಾದವರಲ್ಲಿಯೂ ಹಾಗೆಯೇ. ಆ ಒಂದು ಚೀಟಿಯಿಂದಲೇ ಯಾರನ್ನೂ ರೋಗಿಯೆಂದು ಕರೆಯುವಂತಿಲ್ಲ. ನಾವು ಕರೆದೆವು, ಅದೇ ನಮ್ಮ ತಪ್ಪು.

ಆ ಹಮಾಲ ಎಂಟು ತಿಂಗಳ ಮೇಲೆ ತಿರುಗಿ ಬಂದ. ಅಷ್ಟರಲ್ಲಿ ನಾವು ಒಬ್ಬ ವೈದ್ಯರನ್ನು ಕೇಳಿ ತಿಳಿದುಕೊಂಡಿದ್ದೆವು. ಅವನ ಮುಂದೆ ಕೂತು ತಪ್ಪೊಪ್ಪಿಕೊಂಡೆವು. ಅವನು ಬಹಳ ಹೊತ್ತು ಸುಮ್ಮನಿದ್ದು, “ತಂಬಗಿ ಬ್ಯಾರೆ ಇಟ್ರಲ್ರಿ, ಅದ ಬರಿಗಿಂತ ಹೆಚ್ಚು ಸುಟ್ತು” ಎಂದ. ಮರುದಿನ ಅವನ ಜೊತೆಗೆ ನಾವೇ ಸರ್ಕಾರಿ ಆಸ್ಪತ್ರೆಗೆ ಹೋದೆವು. ಎರಡನೆಯ ಪರೀಕ್ಷೆಯಲ್ಲಿ ವೈರಸ್ಸು ಇತ್ತು. ಗುಳಿಗೆ ನಡೆದಿರುವಾಗಲೇ ಊರಿನ ಜಾತ್ರೆ ಬಂತು. ಪೂರ್ತಿ ಗುಳಿಗೆ ಕಟ್ಟಿಕೊಂಡು ಹೋಗಿ, ಒಂದು ದಿನವೂ ತಪ್ಪಿಸದೆ ತಿಂದ. ಮುಗಿದ ೧೨ ವಾರದ ಮೇಲೆ ನೋಡಿದರೆ ವೈರಸ್ಸಿರಲಿಲ್ಲ. ಹೆಸರು ಹೇಳದೆ ಇದನ್ನು ಸಭೆಯಲ್ಲಿ ಹೇಳಿರೆಂದು ಅವನೇ ಅಪ್ಪಣೆ ಕೊಟ್ಟಿದ್ದಾನೆ.

ಕಡೆಗೆ ಅರಿಕೆ. ದೌಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿರಿ. ಮುಂದಿನ ಪರೀಕ್ಷೆ ಎಲ್ಲಿಯೆಂದು ಅಲ್ಲಿ ಕೇಳಿ ಬರೆಸಿಕೊಳ್ಳಿರಿ. ಇ.ಎಸ್.ಐ. ಚೀಟಿಯಿದ್ದವರು ಅದನ್ನೂ ಒಯ್ಯಿರಿ. ಮರಾಠಿ ಫಾರಮು ಓದಲು ಬಾರದವರು ಸಂಜೆ ಏಳರ ಮೇಲೆ ವಾಚನಾಲಯಕ್ಕೆ ಬಂದರೆ ನಾವು ಓದಿ ತುಂಬಿಕೊಡುತ್ತೇವೆ. ತಿಳಿಯದ ಮಾತು ಬಂದರೆ ತಿಳಿಯದೆಂದೇ ಹೇಳಿ, ಕೇಳಿಕೊಂಡು ಬಂದು ಮರುದಿನ ತಿಳಿಸುತ್ತೇವೆ. ಯಾರ ಚೀಟಿಯ ಸುದ್ದಿಯೂ ಆ ಮೇಜಿನಿಂದ ಆಚೆ ಹೋಗುವುದಿಲ್ಲ. ಬರುವ ವಾರದ ರಜೆಗೆ ಐದು ಜನ ಕೂಡಿ ದೌಂಡಿಗೆ ಹೋಗುವುದಾಗಿ ಗೊತ್ತುಮಾಡಿದ್ದೇವೆ; ಬೆಳಿಗ್ಗೆ ಎಂಟಕ್ಕೆ ಬಸ್ ಸ್ಟ್ಯಾಂಡಿನಲ್ಲಿರುತ್ತೇವೆ. ಬರುವವರು ಹೆಸರನ್ನು ಹೇಳಬೇಕಾಗಿಲ್ಲ, ಬಂದು ನಿಂತರೆ ಸಾಕು.