ಬಾಯ್ಲರ್ ತೊಳೆಯುವವರು ಬೇಕಾಗಿದ್ದಾರೆ



ಪಾವಗಡ ತಾಲ್ಲೂಕಿನ ತಿರುಮಣಿಯಲ್ಲಿ ಉಗಿ ಎಂಜಿನ್ನಿನ ಮೇಲೆ ವಿಚಾರ ಸಂಕಿರಣ ಎಂದರೆ ಹುಬ್ಬೇರಿಸುವವರು ಇದ್ದೇ ಇರುತ್ತಾರೆ. ಈ ಊರಿಗೆ ಹಳಿಯೇ ಇಲ್ಲ. ಕಲ್ಯಾಣದುರ್ಗ, ಮಡಕಶಿರಾ, ಪಾವಗಡ, ಮಧುಗಿರಿ, ಕೊರಟಗೆರೆಗಳನ್ನು ಹಾದು ಬರಬೇಕಾದ 207 ಕಿಲೋಮೀಟರಿನ ರಾಯದುರ್ಗ–ತುಮಕೂರು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿ ಒಂದೂವರೆ ದಶಕ ದಾಟಿದರೂ ಕೆಲಸ ಪೂರ್ತಿಯಾಗಿಲ್ಲ. ಸುತ್ತ ನೋಡಿದರೆ ಹದಿಮೂರು ಸಾವಿರ ಎಕರೆಯಲ್ಲಿ ಹಾಸಿಕೊಂಡ ಸೌರ ಫಲಕಗಳು, 2050 ಮೆಗಾವ್ಯಾಟಿನ ಸ್ಥಾವರ. ಇಂಥ ಕಡೆ ಕೂತು ಕಲ್ಲಿದ್ದಲಿನ ಎಂಜಿನ್ನಿನ ಮಾತೇಕೆ? ನನ್ನ ಉತ್ತರ ಸರಳ. ನಾವು ಇಲ್ಲಿ ಚರ್ಚಿಸಬೇಕಾದದ್ದು ಎಂಜಿನ್ನನ್ನಲ್ಲ, ಅದರ ಆರೈಕೆಯನ್ನು. ಉಗಿ ಎಂಜಿನ್ನನ್ನು ಉಳಿಸುವುದೆಂದರೆ ಅದನ್ನು ರಿಪೇರಿ ಮಾಡಬಲ್ಲ ಕೈಗಳನ್ನು ಉಳಿಸುವುದು; ಆ ಕೈಗಳು ಹೋದ ಮೇಲೆ ಉಳಿಯುವುದು ಬಣ್ಣ ಬಳಿದ ಗುಜರಿ. ಆರೈಕೆಯ ವಿದ್ಯೆಗೆ ಹಳಿ ಇರುವ ಊರೇ ಆಗಬೇಕೆಂದಿಲ್ಲ. ಅದಕ್ಕೆ ಬೇಕಾದದ್ದು ಕೆಟ್ಟ ನೀರನ್ನು ಬಲ್ಲ ಜನ, ಕೆಲಸ ಕಲಿಯುವ ಹುಡುಗರು. ಇಬ್ಬರೂ ಇಲ್ಲಿ ಧಾರಾಳವಾಗಿದ್ದಾರೆ.

ಮೊದಲು ನಮ್ಮದೇ ಲೆಕ್ಕ ನೋಡೋಣ. ಮೈಸೂರು ಸಂಸ್ಥಾನದಲ್ಲಿ 1913ರಿಂದ 1918ರ ನಡುವೆ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರ, ದೇವನಹಳ್ಳಿ, ಯಲಹಂಕಗಳನ್ನು ಜೋಡಿಸುವ ಎರಡೂವರೆ ಅಡಿ ಅಗಲದ ಹಳಿ ಬಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ ಅದು. ಅವರ ಹುಟ್ಟೂರು ಮುದ್ದೇನಹಳ್ಳಿ ಇರುವುದೂ ಇದೇ ಮಾರ್ಗದ ಮಗ್ಗುಲಲ್ಲಿ. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಇನ್ನೂ ಕಿರಿದಾದ, ಎರಡೇ ಅಡಿಯ ಟ್ರಾಮ್‌ವೇ ಮಲೆನಾಡಿನ ಕಾಡಿನೊಳಗೆ ಹೊಕ್ಕಿತ್ತು. ನ್ಯಾರೋಗೇಜ್ ಎಂದರೆ ಆಗ ಬಡ ತಾಲ್ಲೂಕಿನ ರೈಲು: ಅಗ್ಗದ ಹಳಿ, ಹಗುರ ಎಂಜಿನ್, ಸಣ್ಣ ಸೇತುವೆ. ದೊಡ್ಡ ರೈಲಿಗೆ ಕಾಯುತ್ತ ಕೂರುವುದಕ್ಕಿಂತ ಸಣ್ಣದೊಂದನ್ನು ಈಗಲೇ ಓಡಿಸೋಣ ಎಂಬ ಲೆಕ್ಕಾಚಾರ. ಇವತ್ತು ಆ ಮಾರ್ಗಗಳಲ್ಲಿ ಏನು ಉಳಿದಿದೆ? ತರೀಕೆರೆಯದು ಇಲ್ಲವಾಗಿ ತಲೆಮಾರುಗಳೇ ಕಳೆದಿವೆ. ಯಲಹಂಕ–ಬಂಗಾರಪೇಟೆ ಹಂತಹಂತವಾಗಿ ಬ್ರಾಡ್‌ಗೇಜಾಯಿತು. ಚಿಕ್ಕಬಳ್ಳಾಪುರ–ಕೋಲಾರದ ಕೊನೆಯ ತುಂಡು 2013ರಲ್ಲಿ ತೆರೆಯಿತು. ಅದು ಆಗಬೇಕಾದದ್ದೇ, ತಕರಾರಿಲ್ಲ. ಇತ್ತೀಚಿನ ವರ್ಷಗಳಲ್ಲಿ ನಂದಿ ಹಾಲ್ಟ್, ದೇವನಹಳ್ಳಿ, ದೊಡ್ಡಜಾಲದಂಥ ಹಳೆಯ ನಿಲ್ದಾಣಗಳ ಕಟ್ಟಡಗಳನ್ನು ಪರಂಪರೆ ಸಂರಕ್ಷಣೆಯ ಇಂಟ್ಯಾಕ್ ಸಂಸ್ಥೆಯ ಸಹಯೋಗದಲ್ಲಿ ದುರಸ್ತಿ ಮಾಡಲಾಯಿತು. ಮೆಚ್ಚತಕ್ಕ ಕೆಲಸ. ಆದರೆ ಹೆಂಚು, ಗಾರೆ, ಕಲ್ಲಿನ ಗೋಡೆಯನ್ನು ಸರಿಪಡಿಸಬಲ್ಲ ಮೇಸ್ತ್ರಿ ಹುಡುಕಿದರೆ ಇವತ್ತಿಗೂ ಸಿಗುತ್ತಾನೆ. ಆ ನಿಲ್ದಾಣದ ಮುಂದೆ ನಿಲ್ಲುತ್ತಿದ್ದ ಎಂಜಿನ್ನಿನ ಬಾಯ್ಲರನ್ನು ಸರಿಪಡಿಸಬಲ್ಲವನು ಸಿಗುತ್ತಾನೆಯೇ? ಈ ಪ್ರಶ್ನೆ ನಮ್ಮ ಸಂರಕ್ಷಣೆಯ ಯೋಜನೆಗಳಲ್ಲಿ ಎಲ್ಲೂ ಎದ್ದೇ ಇಲ್ಲ.

ಬಾಯ್ಲರಿನ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ವಾದದ ಬೇರು ಅಲ್ಲಿದೆ. ಎಂಜಿನ್ನಿನ ಹಿಂಭಾಗದಲ್ಲಿ ಬೆಂಕಿ ಉರಿಯುವ ಪೆಟ್ಟಿಗೆ, ಫೈರ್‌ಬಾಕ್ಸ್. ಅದರ ಸುತ್ತ ಇನ್ನೊಂದು ಪೆಟ್ಟಿಗೆ. ಎರಡರ ನಡುವಿನ ಕಿರಿದಾದ ಜಾಗದಲ್ಲಿ ನೀರು. ಒಳಗಿನ ಒತ್ತಡಕ್ಕೆ ಈ ಎರಡು ಗೋಡೆಗಳು ಉಬ್ಬಿ ಸಿಡಿಯದಂತೆ ನೂರಾರು ಸ್ಟೇಗಳು, ಅಂದರೆ ಬೆರಳು ಗಾತ್ರದ ಬೋಲ್ಟುಗಳು, ಅವುಗಳನ್ನು ಬಿಗಿಹಿಡಿದಿರುತ್ತವೆ. ಪ್ರತಿ ಸಲ ಎಂಜಿನ್ ಕಾದು ತಣಿದಾಗಲೂ ಒಳಗೋಡೆ ಹೊರಗೋಡೆಗಿಂತ ಹೆಚ್ಚು ಹಿಗ್ಗುತ್ತದೆ, ಸ್ಟೇ ಬಾಗುತ್ತದೆ, ಒಂದು ದಿನ ಮುರಿಯುತ್ತದೆ. ಮುರಿದದ್ದು ಕಣ್ಣಿಗೆ ಕಾಣುವುದಿಲ್ಲ. ಫೈರ್‌ಬಾಕ್ಸಿನೊಳಗೆ ತೂರಿಕೊಂಡ ಬಾಯ್ಲರ್ ಕೆಲಸಗಾರ ಸಣ್ಣ ಸುತ್ತಿಗೆಯಿಂದ ಒಂದೊಂದನ್ನೂ ತಟ್ಟುತ್ತಾನೆ; ಗಟ್ಟಿಯಾದದ್ದು ಕಣಕಣ ಎನ್ನುತ್ತದೆ, ಮುರಿದದ್ದು ಮಂಕಾಗಿ ಸದ್ದು ಮಾಡುತ್ತದೆ. ಸ್ಟೇ ನಡುವೆ ತೆಳುವಾದ ರಂಧ್ರ ಕೊರೆದಿಡುವ ಪದ್ಧತಿಯೂ ಉಂಟು. ಮುರಿದರೆ ಅದರಿಂದ ಹಬೆ ಚಿಮ್ಮಿ ಸುಳಿವು ಕೊಡುತ್ತದೆ. ಆದರೆ ರಂಧ್ರದ ಬಾಯಿಗೆ ಕಿಟ್ಟ ಕಟ್ಟಿದ್ದರೆ ಆ ಸುಳಿವೂ ಇಲ್ಲ, ಮತ್ತೆ ಕಿವಿಯೇ ಗತಿ. ಈ ಕಿವಿಯನ್ನು ಯಾವ ಕೈಪಿಡಿಯೂ ಕೊಡಲಾರದು.

ಇನ್ನು ನೀರು. ಪಾವಗಡದ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಇಲ್ಲಿ ಹೇಳಬೇಕಾಗಿಲ್ಲ, ಇಲ್ಲಿನವರ ಹಲ್ಲು ಮೂಳೆಗಳೇ ಹೇಳುತ್ತವೆ. ಆದರೆ ಬಾಯ್ಲರಿಗೆ ಕಂಟಕವಾಗುವುದು ನೀರಿನ ಗಡಸುತನ. ನೀರು ಆವಿಯಾಗಿ ಹೋಗುತ್ತದೆ, ಅದರೊಳಗಿನ ಸುಣ್ಣ ಉಳಿಯುತ್ತದೆ. ಕೊಳವೆಗಳ ಮೇಲೆ, ಫೈರ್‌ಬಾಕ್ಸಿನ ನೆತ್ತಿಯ ತಗಡಿನ ಮೇಲೆ ಪದರಪದರವಾಗಿ ಕೂರುತ್ತದೆ. ಆ ಪದರ ಶಾಖವನ್ನು ನೀರಿಗೆ ದಾಟಗೊಡುವುದಿಲ್ಲ. ಕಲ್ಲಿದ್ದಲು ಹೆಚ್ಚು ಬೇಕು, ತಗಡು ತಾನೇ ಕಾದು ಮೆತ್ತಗಾಗುತ್ತದೆ. ಆದ್ದರಿಂದಲೇ ವಾಷ್‌ಔಟ್. ನಿಗದಿತ ಅಂತರದಲ್ಲಿ ಬೆಂಕಿ ಆರಿಸಿ, ಬಾಯ್ಲರನ್ನು ಅವಸರ ಮಾಡದೆ ತಣಿಸಿ, ಸುತ್ತಲಿನ ಪ್ಲಗ್ಗುಗಳನ್ನು ಬಿಚ್ಚಿ, ಕಂಬಿ ಹಾಕಿ ಕೆರೆದು, ಜೋರಾದ ನೀರು ಬಿಟ್ಟು, ಬುಡದಲ್ಲಿ ಕೂತ ಕೆಸರನ್ನು ಹೊರಡಿಸಬೇಕು. ಬಿಸಿ ಬಾಯ್ಲರಿಗೆ ತಣ್ಣೀರು ಸುರಿದರೆ ತಗಡು ಬಿರುಕು ಬಿಡುತ್ತದೆ. ಸೋಡಾ ಬೂದಿ, ಟ್ಯಾನಿನ್ ಹಾಕಿ ನೀರನ್ನು ಪಳಗಿಸುವ ಕ್ರಮಗಳೂ ಇದ್ದವು. ಯಾವ ಊರಿನ ನೀರಿಗೆ ಎಷ್ಟು ಎಂಬುದು ಆಯಾ ಶೆಡ್ಡಿನ ಅನುಭವದ ಮಾತು. ಅಂದರೆ ಉಗಿ ಎಂಜಿನ್ನಿನ ಆರೈಕೆ ಅರ್ಧಕ್ಕರ್ಧ ಸ್ಥಳೀಯ ವಿದ್ಯೆ. ಲಂಡನ್ನಿನ ಕೈಪಿಡಿ ಹಿಡಿದು ಪಾವಗಡದ ನೀರಿನಲ್ಲಿ ಎಂಜಿನ್ ಓಡಿಸಲು ಹೋದರೆ ಬಾಯ್ಲರ್ ಬೇಗನೆ ಬುದ್ಧಿ ಕಲಿಸುತ್ತದೆ.

ಈಗ ನಿಂತ ಎಂಜಿನ್ನಿನ ಕಡೆ ತಿರುಗೋಣ. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರದು, ಹುಬ್ಬಳ್ಳಿಯದು 2020ರದು. ಜೊತೆಗೆ ನಿಲ್ದಾಣಗಳ ಮುಂದೆ, ಕಚೇರಿಗಳ ಅಂಗಳದಲ್ಲಿ ಕಟ್ಟೆಯ ಮೇಲೆ ನಿಂತ ಎಂಜಿನ್ನುಗಳು ದೇಶದುದ್ದಕ್ಕೂ ಇವೆ. ಮಕ್ಕಳಿಗೆ ತೋರಿಸಲು ಇವು ಬೇಕು. ಆದರೆ ಕಟ್ಟೆ ಏರಿದ ಎಂಜಿನ್ನಿಗೆ ಆಗುವುದೇನು? ಚಿಮಣಿಯ ಮೂಲಕ ಇಳಿದ ಮಳೆನೀರು ಹಳೆಯ ಬೂದಿಯೊಂದಿಗೆ ಸೇರಿ, ಹೊಗೆ ಕೂಡುವ ಸ್ಮೋಕ್‌ಬಾಕ್ಸಿನ ತಳವನ್ನು ತಿನ್ನುತ್ತದೆ. ಹಿತ್ತಾಳೆಯ ಗೇಜು, ಕವಾಟಗಳು ಒಂದೊಂದಾಗಿ ಮಾಯವಾಗುತ್ತವೆ. ಹೊರಗಡೆ ವರ್ಷಕ್ಕೊಮ್ಮೆ ಕಪ್ಪು ಬಣ್ಣ, ಕೆಂಪು ಪಟ್ಟಿ. ಒಳಗೆ ತಗಡು ಎಷ್ಟು ದಪ್ಪ ಉಳಿದಿದೆ ಎಂದು ಅಳೆದವರಿಲ್ಲ. 1855ರ ಫೇರಿ ಕ್ವೀನ್‌ನಂಥ ವಿಶ್ವಪ್ರಸಿದ್ಧ ಎಂಜಿನ್ನಿನ ಭಾಗಗಳೇ 2011ರಲ್ಲಿ ಕಳುವಾಗಿ, ಅದನ್ನು ಚೆನ್ನೈನ ಪೆರಂಬೂರು ಕಾರ್ಯಾಗಾರಕ್ಕೆ ಸಾಗಿಸಿ ಮತ್ತೆ ಸಜ್ಜುಗೊಳಿಸಬೇಕಾಯಿತು. ಅದನ್ನು ಮತ್ತೆ ಓಡುವಂತೆ ಮಾಡಲು ಬಲ್ಲವರು ಆಗ ಇನ್ನೂ ಇದ್ದರು ಎಂಬುದು ಪುಣ್ಯ.

ಎಂಜಿನ್ನುಗಳು ಇನ್ನೂ ಓಡುವ ಕಡೆಯ ಸಾಕ್ಷ್ಯ ಬೇರೆಯೇ ಕಥೆ ಹೇಳುತ್ತದೆ. ಡಾರ್ಜಿಲಿಂಗ್ ಹಿಮಾಲಯನ್ ರೈಲ್ವೆ ಎರಡಡಿ ಹಳಿಯದು, 1881ರಲ್ಲಿ ಡಾರ್ಜಿಲಿಂಗ್ ತಲುಪಿತು, 1999ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಅಲ್ಲಿನ ಬಿ ಕ್ಲಾಸ್ ಎಂಜಿನ್ನಿನ ವಿನ್ಯಾಸ 1889ರದು. ಅದರ ಮುಂದಿನ ಅಂಚಿನಲ್ಲಿ ಕೂತು ಜಾರುವ ಹಳಿಗೆ ಕೈಯಾರೆ ಮರಳು ಚೆಲ್ಲುವ ಆಳು ಇಂದಿಗೂ ಬೇಕು. ಆ ಎಂಜಿನ್ನುಗಳು ಬದುಕಿದ್ದು ತಿಂಧಾರಿಯಾ ಕಾರ್ಯಾಗಾರದಿಂದ. ನಮ್ಮ ನೆರೆಯ ನೀಲಗಿರಿ ರೈಲು ನ್ಯಾರೋಗೇಜಲ್ಲ, ಮೀಟರ್‌ಗೇಜು. ಆದರೂ ಅದರ ಉದಾಹರಣೆ ನಮಗೆ ಹತ್ತಿರದ್ದು. ಅದರ ಎಕ್ಸ್ ಕ್ಲಾಸ್ ಎಂಜಿನ್ನುಗಳು ಸ್ವಿಟ್ಜರ್‌ಲೆಂಡಿನ ವಿಂಟರ್‌ಥೂರಿನಲ್ಲಿ ತಯಾರಾದವು. ಅವು ಹಳತಾದಾಗ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರ ಕಳೆದ ದಶಕದಲ್ಲಿ ತೈಲ ಉರಿಸುವ ಹೊಸ ಎಂಜಿನ್ನುಗಳನ್ನು ತಾನೇ ಕಟ್ಟಿತು; 2021ರಲ್ಲಿ ಕಲ್ಲಿದ್ದಲಿನದೊಂದನ್ನೂ ಹೊರತಂದಿತು. ಆ ಮಾರ್ಗದ ಕೂನೂರಿನ ಶೆಡ್ಡಿನಲ್ಲಿ ದಿನವೂ ರಿಪೇರಿ ನಡೆಯುತ್ತಿದ್ದದ್ದರಿಂದ ಇದು ಸಾಧ್ಯವಾಯಿತು ಎಂದು ನನ್ನ ನಂಬಿಕೆ. ವಿರುದ್ಧ ಉದಾಹರಣೆ ಬೇಕಿದ್ದರೆ ಬ್ರಿಟನ್ನಿದೆ. ಅಲ್ಲಿನ ಉತ್ಸಾಹಿಗಳು ಟೊರ್ನೇಡೊ ಎಂಬ ಹೊಚ್ಚಹೊಸ ದೊಡ್ಡ ಉಗಿ ಎಂಜಿನ್ನನ್ನು 2008ರಲ್ಲಿ ಪೂರೈಸಿದರು. ಅದರ ಬಾಯ್ಲರ್ ಬಂದದ್ದು ಜರ್ಮನಿಯ ಮೈನಿಂಗನ್ ಕಾರ್ಯಾಗಾರದಿಂದ. ಉಗಿ ರೈಲನ್ನು ಜಗತ್ತಿಗೆ ಕೊಟ್ಟ ದೇಶ ಅಷ್ಟು ದೊಡ್ಡ ಬಾಯ್ಲರಿಗಾಗಿ ಹೊರಗೆ ಹೋಗಬೇಕಾಯಿತು. ವೇಲ್ಸಿನ ಫೆಸ್ಟಿನಿಯೋಗ್ ನ್ಯಾರೋಗೇಜ್ ಮಾತ್ರ ಬಾಸ್ಟನ್ ಲಾಡ್ಜ್ ಎಂಬ ತನ್ನದೇ ಕಾರ್ಯಾಗಾರದಲ್ಲಿ ಹೊಸ ಎಂಜಿನ್ನುಗಳನ್ನೂ ಕಟ್ಟಿಕೊಂಡಿದೆ. ಸಣ್ಣದಾದರೂ ಕೆಲಸ ಮಾಡುತ್ತಿರುವ ಕಾರ್ಯಾಗಾರ ಗೆದ್ದಿತು.

ಎಂಜಿನ್ನನ್ನು ಓಡಿಸುತ್ತಲೇ ಉಳಿಸಬೇಕೆಂಬ ಮಾತಿಗೆ ಸಂರಕ್ಷಕರೇ ಎತ್ತುವ ಆಕ್ಷೇಪವೊಂದಿದೆ: ಓಡಿಸಿದರೆ ಸವೆಯುತ್ತದೆ, ಸವೆದದ್ದನ್ನು ಬದಲಿಸುತ್ತ ಹೋದರೆ ಕೊನೆಗೆ ಮೂಲದ್ದೇನೂ ಉಳಿಯುವುದಿಲ್ಲ, ಆಗ ಅದು ಪರಂಪರೆ ಹೇಗಾದೀತು? ನಮ್ಮೂರ ತೇರನ್ನು ನೋಡಿ. ಗಾಲಿ ಸೀಳಿದರೆ ಬಡಗಿ ಹೊಸದನ್ನು ಕೂರಿಸುತ್ತಾನೆ, ಅಚ್ಚು ಹೋದರೆ ಅಚ್ಚು, ಹಗ್ಗವಂತೂ ಆಗಾಗ ಹೊಸದೇ. ಅದು ಹಳೇ ತೇರಲ್ಲ ಎಂದು ಯಾರೂ ರಥೋತ್ಸವ ನಿಲ್ಲಿಸಿಲ್ಲ. ಪರಂಪರೆಯ ಅಸಲಿತನ ಬರೀ ಮೂಲ ವಸ್ತುವಿನಲ್ಲಿಲ್ಲ, ಬಳಕೆ, ತಂತ್ರ, ಸಂಪ್ರದಾಯಗಳಲ್ಲೂ ಇದೆ ಎಂದು 1994ರ ನಾರಾ ದಾಖಲೆಯೂ ಒಪ್ಪಿದೆ. ಆದರೂ ಈ ಆಕ್ಷೇಪದಲ್ಲಿ ನ್ಯಾಯವಿದೆ, ತಳ್ಳಿಹಾಕಬಾರದು. ಅಪರೂಪದ, ಒಂದೇ ಒಂದು ಉಳಿದಿರುವ ಎಂಜಿನ್ನನ್ನು ಓಡಿಸಿ ಸವೆಸುವುದು ತಪ್ಪು. ಅಂಥದ್ದು ಸೂರಿನಡಿ ಒಣ ಜಾಗದಲ್ಲಿರಲಿ, ಅದರ ಅಳತೆಗಳು ಕಾಗದದ ಮೇಲೆ ಬರಲಿ. ಓಡುವುದು ಅದನ್ನು ಹೋಲುವ ಇನ್ನೊಂದಾಗಲಿ, ಇಲ್ಲವೇ ಹೊಸದಾಗಲಿ. ಬದಲಿಸಿದ ಪ್ರತಿ ಭಾಗಕ್ಕೂ ದಿನಾಂಕದ ಸಮೇತ ದಾಖಲೆ ಇರಲಿ.

ಎರಡನೆಯದು ಹಣದ ಆಕ್ಷೇಪ. ಪರಂಪರೆಯ ರೈಲುಗಳಲ್ಲಿ ಟಿಕೆಟ್ ಹಣದಿಂದ ಖರ್ಚು ಗಿಟ್ಟುವುದಿಲ್ಲ, ನಿಜ. ಬೆಂಕಿ ಹೊತ್ತಿಸಿ ಹಬೆ ಏರಲು ಗಂಟೆಗಟ್ಟಲೆ ಬೇಕು, ಡೀಸೆಲ್ಲಿಗೆ ಒಂದು ಕೀಲಿ ಸಾಕು. ಡಾರ್ಜಿಲಿಂಗಿಗೂ ಡೀಸೆಲ್ ಬಂದದ್ದು ಇದೇ ಕಾರಣಕ್ಕೆ. ಆದರೆ ವಸ್ತುಸಂಗ್ರಹಾಲಯವಾಗಲಿ ಗ್ರಂಥಾಲಯವಾಗಲಿ ಲಾಭಕ್ಕಾಗಿ ನಡೆಯುವುದಿಲ್ಲ. ನಾನು ಕೇಳುತ್ತಿರುವುದು ನೂರು ಕಿಲೋಮೀಟರಿನ ರೈಲನ್ನಲ್ಲ. ನಾಲ್ಕೈದು ಕಿಲೋಮೀಟರು ಹಳಿ, ಒಂದು ಶೆಡ್ಡು, ಒಂದು ಲೇತು, ಕಲಿಯುವ ಹತ್ತು ಹುಡುಗ ಹುಡುಗಿಯರು. ಹೊಗೆಯ ಮಾತೂ ಬರುತ್ತದೆ, ಸೌರ ಫಲಕಗಳ ನಡುವೆ ಬರದೇ ಇದ್ದೀತೇ! ವರ್ಷದಲ್ಲಿ ಕೆಲವೇ ದಿನ ಉರಿಯುವ ಒಂದು ಸಣ್ಣ ಬಾಯ್ಲರಿನ ಹೊಗೆಗೂ ಪ್ರತಿನಿತ್ಯದ ಲಾರಿಗಳ ಹೊಗೆಗೂ ಹೋಲಿಕೆಯಿಲ್ಲ. ಕಲ್ಲಿದ್ದಲಿಗೆ ಬದಲಾಗಿ ಜೈವಿಕ ಉಂಡೆಗಳನ್ನು ಉರಿಸುವ ಪ್ರಯೋಗಗಳು ಬ್ರಿಟನ್ನಿನ ಸಣ್ಣ ರೈಲುಗಳಲ್ಲಿ ನಡೆದಿವೆ. ಇಲ್ಲಿನ ಕಡಲೆಕಾಯಿ ಹೊಟ್ಟಿನಿಂದ ಅಂಥದ್ದು ಆದೀತೇ ಎಂದು ನೋಡುವುದು ಪಾಲಿಟೆಕ್ನಿಕ್ಕಿನ ಒಳ್ಳೆಯ ಪ್ರಾಜೆಕ್ಟ್ ಕೆಲಸ.

ಇದರಿಂದ ಹುಡುಗರ ಹೊಟ್ಟೆ ತುಂಬುತ್ತದೆಯೇ ಎಂಬುದು ಮೂರನೆಯ ಪ್ರಶ್ನೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಂಭೀರವಾದದ್ದು. ಉಗಿ ಎಂಜಿನ್ ಹೋಗಿರಬಹುದು, ಉಗಿ ಹೋಗಿಲ್ಲ. ಸಕ್ಕರೆ ಕಾರ್ಖಾನೆ, ಹಾಲಿನ ಡೇರಿ, ಅಕ್ಕಿ ಗಿರಣಿ, ಬಣ್ಣದ ಘಟಕ, ಔಷಧ ಕಾರ್ಖಾನೆ ಎಲ್ಲ ಕಡೆಯೂ ಬಾಯ್ಲರಿದೆ. ಅದನ್ನು ನೋಡಿಕೊಳ್ಳುವವನಿಗೆ ಸರಕಾರದ ಪರೀಕ್ಷೆಯಿದೆ, ಪ್ರಮಾಣಪತ್ರವಿದೆ. ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ಓದುವುದು, ಸುರಕ್ಷಾ ಕವಾಟವನ್ನು ಪರೀಕ್ಷಿಸುವುದು, ಗಡಸು ನೀರನ್ನು ಮೆದು ಮಾಡುವುದು ಅಲ್ಲೂ ಇದೇ ಪಾಠ. ಕೆಟ್ಟ ಕಾರ್ಡನ್ನು ಕಿತ್ತು ಹೊಸದನ್ನು ಹಾಕುವುದಷ್ಟೇ ರಿಪೇರಿ ಎಂದು ಕಲಿತು ಬಂದ ತಲೆಮಾರಿಗೆ, ಸವೆದ ಬೇರಿಂಗಿಗೆ ಬಿಳಿ ಲೋಹ ಎರೆದು, ನೀಲಿ ಹಚ್ಚಿ, ತಾಗಿದ ಜಾಗವನ್ನು ಹೆರೆದು ಕೂರಿಸುವ ಕೆಲಸ ತೋರಿಸಿದರೆ ಅದು ಎಲ್ಲ ಯಂತ್ರಗಳಿಗೂ ಉಪಯೋಗಕ್ಕೆ ಬರುವ ವಿದ್ಯೆ.

ದೇಶದ ಬ್ರಾಡ್‌ಗೇಜಿನಲ್ಲಿ ಉಗಿ ನಿಂತದ್ದು 1995ರಲ್ಲಿ. ಆಗ ಮೂವತ್ತೈದು ವರ್ಷದವರಾಗಿದ್ದ ಬಾಯ್ಲರ್ ಕೆಲಸಗಾರರಿಗೆ ಈಗ ಅರವತ್ತೈದು ದಾಟಿದೆ. ಅವರಿಗೆ ಕಲಿಸಿದವರಲ್ಲಿ ಹೆಚ್ಚಿನವರು ಇಲ್ಲ. ಆದ್ದರಿಂದ ಈ ಸಂಕಿರಣದಲ್ಲಿ ಪ್ರಬಂಧ ಓದುವವರಲ್ಲಿ ನನ್ನದೊಂದು ಕೋರಿಕೆ. ಎಂಜಿನ್ನುಗಳ ಪಟ್ಟಿಯನ್ನು ಆಮೇಲೆ ಮಾಡೋಣ. ಮೊದಲು ಬೆಂಗಳೂರು, ಅರಸೀಕೆರೆ, ಹುಬ್ಬಳ್ಳಿ, ಮೈಸೂರಿನ ಶೆಡ್ಡುಗಳಲ್ಲಿ ದುಡಿದ ಫಿಟ್ಟರುಗಳನ್ನು, ಫೈರ್‌ಮ್ಯಾನುಗಳನ್ನು, ವಾಷ್‌ಔಟ್ ಆಳುಗಳನ್ನು ಹುಡುಕಿ, ಅವರ ಕೈಗೆ ಸುತ್ತಿಗೆ ಕೊಟ್ಟು, ಅವರು ಮಾಡುವುದನ್ನು ವಿಡಿಯೊ ಮಾಡಿಕೊಳ್ಳಿ. ಪಕ್ಕದಲ್ಲಿ ಒಬ್ಬ ಐಟಿಐ ವಿದ್ಯಾರ್ಥಿಯನ್ನು ನಿಲ್ಲಿಸಿ, ಅವನೂ ತಟ್ಟಿ ನೋಡಲಿ. ಮುಂದಿನ ಸಂಕಿರಣ ಎಲ್ಲೇ ನಡೆಯಲಿ, ಆ ವಿದ್ಯಾರ್ಥಿಯೇ ಅಲ್ಲಿ ಮೊದಲ ಪ್ರಬಂಧ ಓದಬೇಕು.