ಔಷಧಿ ಬಾಟಲಿಯ ತಳ ನೋಡ್ರಿ

ಕೊರ್ಲಹಳ್ಳಿಯ ಅಕ್ಕಂದಿರೇ, ಅಣ್ಣಂದಿರೇ,

ಇವತ್ತು ಪಾಟಿ, ಬಳಪ ಬದಿಗಿಡ್ರಿ. ಈ ಕೆಮ್ಮಿನ ಔಷಧಿಯ ಬಾಟಲಿ ತಿರುವಿ ಹಿಡೀರಿ. ತಳದಲ್ಲಿ ಮೂರು ಮೂಲೆಯ ಗುರುತು ಇದೆ. ಅದರೊಳಗೆ 1 ಅಂತ ಇದೆ. ಓದಿದಿರಲ್ಲ? 1 ಅಂದರೆ ಪೆಟ್ ಎಂಬ ಪ್ಲಾಸ್ಟಿಕ್. ಅಂಗಡಿಯ ನೀರಿನ ಬಾಟಲಿಯೂ ಇದರದ್ದೇ.

ಪೆಟ್ ತಯಾರಿಸುವಾಗ ಆಂಟಿಮನಿ ಎಂಬ ಲೋಹದ ಪುಡಿ ಸೇರಿಸುತ್ತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಸ್ವಲ್ಪೇ ಸ್ವಲ್ಪ. ಅದು ಪ್ಲಾಸ್ಟಿಕ್ಕಿನಲ್ಲೇ ಉಳಿಯುತ್ತದೆ. ಔಷಧಿಯೊಳಗೂ ಇಳಿಯುತ್ತದೆಯೇ?

2014ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಒಂದು ಕರಡು ಹೊರಡಿಸಿತು. ಮಕ್ಕಳು, ಮುದುಕರು, ಗರ್ಭಿಣಿಯರು ಕುಡಿಯುವ ಔಷಧಿಯನ್ನು ಇಂಥ ಬಾಟಲಿಯಲ್ಲಿ ತುಂಬಬಾರದು ಎಂದಿತು. ಕೋಲ್ಕತ್ತಾದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಐದು ಔಷಧಿಗಳನ್ನು ಪರೀಕ್ಷಿಸಿತು. ಸೀಸ, ಆಂಟಿಮನಿ, ಕ್ರೋಮಿಯಂ ಸಿಕ್ಕವು ಎಂದು 2016ರಲ್ಲಿ ಸುದ್ದಿಯಾಯಿತು. ಅದೇ ವರ್ಷ ಡಾ. ಎಂ.ಕೆ. ಭಾನ್ ಅವರ ಸಮಿತಿ ಬೇರೆ ಮಾತು ಹೇಳಿತು. ಅಪಾಯವಾಗುವಷ್ಟು ಲೋಹ ಇಳಿಯುತ್ತದೆ ಎನ್ನಲು ಖಚಿತ ಪುರಾವೆ ಇಲ್ಲ ಎಂದಿತು. ಬಾಟಲಿ ಬಂದ್ ಆಗಲಿಲ್ಲ.

ಯಾರ ಮಾತು ಖರೆ ಅಂತೀರಿ? ಸಿಕ್ಕಿತು ಅಂದರೆ ಸಾಲದು. ಎಷ್ಟು ಸಿಕ್ಕಿತು ಅಂತ ಕೇಳಬೇಕು. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಆಂಟಿಮನಿ 0.02 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಜೋಳದ ಕಾಳನ್ನು ಸಾವಿರಕ್ಕೂ ಹೆಚ್ಚು ಚೂರು ಮಾಡ್ರಿ. ಅದರಲ್ಲಿ ಒಂದು ಚೂರು, ಅಷ್ಟೇ. ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು.

ಅದನ್ನು ಯಂತ್ರವೇ ಹಿಡಿಯಬೇಕು. ಔಷಧಿ ತುಂಬಿದ ಬಾಟಲಿಗಳನ್ನು ಬೇರೆ ಬೇರೆ ಬಿಸಿಯಲ್ಲಿ ದಿನಗಟ್ಟಲೆ ಇಡುತ್ತಾರೆ. ಆಮೇಲೆ ಅದರ ಹನಿಯನ್ನು ಬಲು ಬಿಸಿಯ ಉರಿಗೆ ಹಾಯಿಸುತ್ತಾರೆ. ಒಲೆಗೆ ಉಪ್ಪು ಬಿದ್ದರೆ ಉರಿ ಹಳದಿ ಆಗುತ್ತದಲ್ರಿ? ಹಾಗೆ ಒಂದೊಂದು ಲೋಹಕ್ಕೂ ಒಂದೊಂದು ಬೆಳಕು. ಆ ಬೆಳಕು ಅಳೆದರೆ ಲೋಹ ಎಷ್ಟಿದೆ ಎಂದು ತಿಳಿಯುತ್ತದೆ.

ಬಿಸಿ ಹೆಚ್ಚಿದಷ್ಟೂ ಲೋಹ ಹೆಚ್ಚು ಇಳಿಯುತ್ತದೆ. ಅಮೆರಿಕದ ಅರಿಜೋನಾದ ವಿಜ್ಞಾನಿಗಳು ನೀರಿನ ಬಾಟಲಿಗಳ ಲೆಕ್ಕವನ್ನು 2008ರಲ್ಲಿ ಹೇಳಿದರು. 80 ಡಿಗ್ರಿ ಬಿಸಿಯಲ್ಲಿ ಎರಡು-ಮೂರು ದಿನಕ್ಕೇ ಅವರ ದೇಶದ ಮಿತಿ ದಾಟುತ್ತದೆ. 60 ಡಿಗ್ರಿಯಲ್ಲಿ ಸುಮಾರು ಆರು ತಿಂಗಳು ಬೇಕು.

ಹೆದರಿ ಕೂಸಿನ ಔಷಧಿ ನಿಲ್ಲಿಸಬೇಡ್ರಿ. ಆದರೆ ಒಲೆಯ ಹತ್ತಿರದ ಮಾಡದಿಂದ ಬಾಟಲಿ ತೆಗೆದು ತಂಪಿನಲ್ಲಿ ಇಡ್ರಿ. ಖಾಲಿ ಬಾಟಲಿಗೆ ಬಿಸಿ ಕಷಾಯ ಸುರಿಯಬೇಡ್ರಿ. ಹತ್ತಿಗೆ ಹೊಡೆಯುವ ಎಣ್ಣಿಯನ್ನು ಔಷಧಿ ಬಾಟಲಿಯಲ್ಲಿ ಇಡುವವರೂ ಇದ್ದಾರೆ. ನನಗೆ ಆಂಟಿಮನಿಗಿಂತ ಅದರ ಭಯವೇ ಹೆಚ್ಚು.

ನಿನ್ನೆ ಒಬ್ಬ ಅಜ್ಜಿ ಔಷಧಿ ಅಳೆಯುವ ಮುಚ್ಚಳ ಹಿಡಿದು ಬಂದಳು. "ಮಾಸ್ತರ್ರ, ಇದರಾಗ 5 ಐತಿ, 1 ಇಲ್ಲ" ಅಂದಳು. ಸರಿಯಾಗಿಯೇ ಓದಿದ್ದಳು. 5 ಅಂದರೆ ಬೇರೆ ಜಾತಿಯ ಪ್ಲಾಸ್ಟಿಕ್. ಅದಕ್ಕೆ ಆಂಟಿಮನಿಯ ಹೆಪ್ಪು ಬೇಡ.