ಬೆಂಕಿ ಬಿದ್ದ ಜಾಗ ಏನು ಹೇಳುತ್ತದೆ?

(ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಊರಲ್ಲಿ ಬಣವೆ ಸುಟ್ಟರೆ ನಾವು ಮೊದಲು ಕೇಳೋದು, "ಯಾರು ಇಟ್ಟರು?" ಅಂತ. ಹಳೇ ಬದುವಿನ ಜಗಳ ನೆನಪಾಗುತ್ತದೆ, ಒಂದು ಹೆಸರು ಊರ ಬಾಯಿಗೆ ಬೀಳುತ್ತದೆ. ಆದರೆ ಒದ್ದೆ ಮೇವನ್ನು ಒತ್ತಿ ಒಟ್ಟಿದರೆ ಒಳಗೇ ಕಾವೇರಿ, ಕೆಲವು ವಾರಗಳ ಮೇಲೂ ತಾನಾಗಿ ಹೊತ್ತಿಕೊಳ್ಳಬಹುದು. ಆದ್ದರಿಂದ ತನಿಖೆ ಮಾಡುವವರು ಮೊದಲು ಕೇಳುವುದು, "ಎಲ್ಲಿ ಹತ್ತಿತು, ಹೇಗೆ ಹತ್ತಿತು?" ಎಂದು. ಯಾರು ಎಂಬುದು ಆಮೇಲಿನ ಮಾತು.

ಅವರು ಕಡಿಮೆ ಸುಟ್ಟ ಕಡೆಯಿಂದ ಹೆಚ್ಚು ಸುಟ್ಟ ಕಡೆಗೆ ನೋಡುತ್ತಾ ಹೋಗುತ್ತಾರೆ. ಫೋಟೋ ತೆಗೆದು, ನಕ್ಷೆ ಬರೆದು, ಬೂದಿಯನ್ನು ಪದರ ಪದರವಾಗಿ ಬಿಡಿಸುತ್ತಾರೆ. ಕರಗಿದ ವೈರು ಕಂಡ ಮಾತ್ರಕ್ಕೆ ಶಾರ್ಟ್ ಸರ್ಕ್ಯೂಟ್ ಅಂತ ಬರೆಯೋ ಹಾಗಿಲ್ಲ. ಬೆಂಕಿಯ ಕಾವಿಗೇ ವೈರು ಕರಗಿರಬಹುದು.

ಪೆಟ್ರೋಲು, ಸೀಮೆಎಣ್ಣೆಯ ಅನುಮಾನ ಬಂದರೆ ಬಿರುಕು, ಸಂದುಗಳಿಂದ ಮಣ್ಣು, ಬಟ್ಟೆ, ಮರದ ಚೂರು ತೆಗೆದು ಗಾಳಿಯಾಡದ ತಗಡಿನ ಡಬ್ಬಿಗೆ ಹಾಕಿ ಮುಚ್ಚುತ್ತಾರೆ. ಸಾಮಾನ್ಯ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಆವಿ ಹಾರಿಹೋಗುತ್ತದೆ. ಎಣ್ಣೆ ಬೀಳದ ಜಾಗದಿಂದಲೂ ಹೋಲಿಕೆಗೆ ಒಂದು ಮಾದರಿ ತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ಡಬ್ಬಿಯನ್ನು ಬಿಸಿ ಮಾಡಿ, ಎದ್ದ ಆವಿಯನ್ನು ಇದ್ದಿಲಿನ ಪಟ್ಟಿಗೆ ಹೀರಿಸುತ್ತಾರೆ. ಗ್ಯಾಸ್ ಕ್ರೊಮಾಟೊಗ್ರಾಫ್ ಎಂಬ ಯಂತ್ರ ಆ ಆವಿಯ ಒಂದೊಂದು ಅಂಶವನ್ನೂ ಬೇರ್ಪಡಿಸಿ, ಗುಡ್ಡದ ಸಾಲಿನಂಥ ಗೆರೆ ಬರೆಯುತ್ತದೆ. ಪೆಟ್ರೋಲಿನ ಸಾಲು ಬೇರೆ, ಸೀಮೆಎಣ್ಣೆಯ ಸಾಲು ಬೇರೆ.

ಕಣ್ಣಂದಾಜು ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಕೇಳಿ. 1990ರಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನ ಲೈಮ್ ಸ್ಟ್ರೀಟಿನ ಮನೆಯೊಂದು ಸುಟ್ಟು ಆರು ಜನ ಸತ್ತರು. ನೆಲದ ಸುಟ್ಟ ಗುರುತು ನೋಡಿ, ಪೆಟ್ರೋಲು ಸುರಿದದ್ದೆಂದು ಮನೆಯ ಯಜಮಾನನ ಮೇಲೆ ಕೊಲೆ ಆರೋಪ ಬಂತು. ಆಮೇಲೆ ತಜ್ಞರು ಅದೇ ನಮೂನೆಯ ಪಕ್ಕದ ಮನೆಗೆ ಅಂಥದೇ ಸಾಮಾನು ತುಂಬಿ, ಸೋಫಾಕ್ಕೆ ಮಾತ್ರ ಬೆಂಕಿ ಹಚ್ಚಿ ನೋಡಿದರು. ಐದು ನಿಮಿಷದೊಳಗೆ ಕೋಣೆಯೆಲ್ಲಾ ಭಗ್ಗನೆ ಹೊತ್ತಿತು. ಪೆಟ್ರೋಲಿಲ್ಲದೆಯೇ ನೆಲದ ಮೇಲೆ ಅಂಥದೇ ಗುರುತು ಬಿತ್ತು! ಆರೋಪ ಕೈಬಿಟ್ಟರು. 1992ರಲ್ಲಿ ಎನ್‌ಎಫ್‌ಪಿಎ 921 ಎಂಬ ತನಿಖಾ ಮಾರ್ಗದರ್ಶಿಯೂ ಅಲ್ಲಿ ಹೊರಬಂತು.

ನಮ್ಮಲ್ಲೂ ಇದು ಸಣ್ಣ ಮಾತಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿನಂತೆ, ಬೇಕೆಂದೇ ಮನೆ ಸುಟ್ಟವರಿಗೆ ಜೀವಾವಧಿ ಶಿಕ್ಷೆಯವರೆಗೂ ಆಗಬಹುದು. ತಪ್ಪಿತಸ್ಥ ತಪ್ಪಿಸಿಕೊಳ್ಳಬಾರದು, ನಿರಪರಾಧಿ ಸಿಕ್ಕಿಬೀಳಬಾರದು.

ಅದಕ್ಕೆ ನಾವು ಮಾಡಬೇಕಾದ್ದು ಇಷ್ಟು. ಬೆಂಕಿ ಆರಿದ ಮೇಲೆ ಬೂದಿ ಗುಡಿಸಬಾರದು, ಜಾಗ ತೊಳೆಯಬಾರದು, ಜನ ತುಳಿಯಲು ಬಿಡಬಾರದು. ಮೊದಲು ಹೊಗೆ ಎಲ್ಲಿ ಕಂಡಿತು, ಎಷ್ಟು ಹೊತ್ತಿಗೆ ಎಂದು ಕಂಡವರು ಕಂಡಷ್ಟೇ ಹೇಳಬೇಕು. ಪಂಚನಾಮೆಗೆ ಸಹಿ ಹಾಕುವಾಗ ಓದಿಸಿ ಕೇಳಬೇಕು. ವರದಿ ಬರುವ ತನಕ ಯಾರ ಹೆಸರನ್ನೂ ಬಾಯಿಗೆ ತರುವುದು ಬೇಡ.

ಇಪ್ಪತ್ತೈದು ವರ್ಷ ಒಬ್ಬರನ್ನೊಬ್ಬರು ನಂಬಿ ಈ ಸಂಘ ಕಟ್ಟಿದ್ದೇವೆ. ಸುಟ್ಟ ಬಣವೆಯನ್ನು ಮುಂದಿನ ಸುಗ್ಗಿಗೆ ಮತ್ತೆ ಒಟ್ಟಬಹುದು, ಸುಟ್ಟ ನಂಬಿಕೆಯನ್ನು ಒಟ್ಟುವುದು ಕಷ್ಟ.